ಚೌಕಟ್ಟಿನ ಒಳಮೈ

"ಹಸಿ ಕಟ್ಟಿಗೀಗೆ ಎಣ್ಣಿ ಕುಡಸಬಾರದ್ರಿ. ಹೊಟ್ಟಿ ತುಂಬಿದಾವ್ಗ ಮತ್ತ ಉಣ್ಣಾಕ ನೀಡಿದ್ಹಂಗ, ಒಳಗ ಇಳಿಯೂದಿಲ್ಲ. ಬೇವಿನ ಗಿಡಾ ಅಮಾಸಿ ಕಡೆ ಕಡೀಬೇಕು, ಹುಣ್ಣಿವಿ ಕಡೆ ಕಡದ್ರ ನುಸಿ ಬೀಳತಾವು ಅಂತ ನಮ್ಮಪ್ಪ ಹೇಳತಿದ್ದ. ಖರೇನೋ ಸುಳ್ಳೋ, ನಾ ಅಂತೂ ಹಂಗ ಮಾಡ್ಕೋತ ಬಂದೇನಿ. ಕಡದ ಮ್ಯಾಲೆ ಎರಡು ತಿಂಗಳ ಹಳ್ಳದಾಗ ಮುಳುಗಿಸಿ, ಮ್ಯಾಲೆ ಕಲ್ಲು ಹೇರಬೇಕು. ಅದರ ಒಳಗಿನ ಸೀ ನೀರಾಗ ಬಿಟ್ಟು ಹೋಗಬೇಕು. ಹುಳಕ್ಕ ಬೇಕಾಗೂದು ಆ ಸೀನ. ಆಮ್ಯಾಲೆ ನೆರಳಾಗ ಒಣಗಸಬೇಕು; ಬಿಸಲಾಗ ಇಟ್ರ ಸೀಳತೈತಿ. ಬಡಿಗ್ಯಾ ಕೆತ್ತಿ ಕೊಟ್ಟಿಂದ ನನ್ನ ಕೆಲಸ. ಬೇವಿನೆಣ್ಣಿ, ಗೋಡಂಬಿ ಸಿಪ್ಪಿ ಎಣ್ಣಿ ಕೂಡಿಸಿ ಬೆಚ್ಚಗ ಮಾಡಿ ಮೂರು ಸರ್ತಿ ಕುಡಸಬೇಕು. ಒಂದು ಸರ್ತಿಗೂ ಇನ್ನೊಂದಕ್ಕೂ ನಡುವ ನಾಕ ದಿನ. ಮುಂದ, ಹಿಂದ, ತಲಿ, ಕಾಲು, ಎಲ್ಲಾ ಕಡೆ. ಕಾಲಿಗೆ ಹೆಚ್ಚು, ಯಾಕಂದ್ರ ಗೆದ್ದಲ ಏರೂದು ನೆಲದಿಂದ. ಒಂದು ಮೈ ಬಿಟ್ರಿ ಅಂದ್ರ ನಾಕೂ ಮೈ ಬಿಟ್ಹಂಗ. ಗೆದ್ದಲ ಯಾರನ್ನೂ ಕೇಳಿ ಒಳಗ ಬರೂದಿಲ್ರಿ."

ಹೀಗೆ ಹೇಳುವ ಕೃಷ್ಣವ್ವ ದೊಡವಾಡದವಳು. ವಯಸ್ಸು ಅರವತ್ತು ದಾಟಿದೆ. ಎರಡೂ ಅಂಗೈ ಸುಟ್ಟ ಬದನೆಕಾಯಿಯ ಬಣ್ಣ. ಗೋಡಂಬಿ ಸಿಪ್ಪೆಯ ಎಣ್ಣೆ ತಾಗಿದರೆ ಬೊಬ್ಬೆ ಏಳುತ್ತದೆ, ಎದ್ದು ಎದ್ದು ಈಗ ಅವಳ ಚರ್ಮಕ್ಕೇ ಬೇಸರವಾಗಿ ಸುಮ್ಮನಾಗಿದೆ. ಅವಳಪ್ಪ ಭರಮಪ್ಪ ನವಿಲುತೀರ್ಥದ ಕಾಲುವೆ ಕೆಲಸದಲ್ಲಿ ದಿನಗೂಲಿಗೆ ಇದ್ದ. ನೀರು ತಡೆಯುವ ಹಲಗೆಗಳು ಕೊಳೆಯದಂತೆ ಎಣ್ಣೆ ಬಳಿಯುವುದು ಅವನ ಪಾಲಿಗೆ ಬಂದಿತ್ತು, ಯಾಕೆಂದರೆ ಆ ವಾಸನೆಗೆ ಬೇರೆ ಯಾರೂ ಹತ್ತಿರ ಬರುತ್ತಿರಲಿಲ್ಲ. ಬುತ್ತಿ ಒಯ್ದು ಕೊಡುತ್ತಿದ್ದ ಮಗಳು ಅಪ್ಪ ಉಂಡು ಏಳುವುದರೊಳಗೆ ಅವನ ಕುಂಚ ಹಿಡಿದು ಕೂತಿರುತ್ತಿದ್ದಳು. ಸಾಲಿ ಕಲಿಯಲಿಲ್ಲ, ಇದನ್ನು ಕಲಿತಳು.

ಕಿತ್ತೂರಿನ ಬಡಿಗ ಪರಸಪ್ಪ ಮೂವತ್ತು ವರ್ಷದಿಂದ ತಾನು ಮಾಡಿದ ಬಾಗಿಲು, ಚೌಕಟ್ಟು, ತೊಲೆಗಳನ್ನೆಲ್ಲ ಎಣ್ಣೆಗೆ ಅವಳ ಅಂಗಳಕ್ಕೇ ಕಳಿಸುತ್ತಾನೆ. ಅಲ್ಲಿ ಎಣ್ಣೆ ಕುಡಿದು ಒಣಗಿದ ಚೌಕಟ್ಟು ಗಿರಾಕಿಯ ಮನೆ ಸೇರುತ್ತದೆ, ಪೂಜೆಯಾಗುತ್ತದೆ, ನಿಲ್ಲುತ್ತದೆ. ನಿಂತ ಮೇಲೆ ಅದನ್ನು ಕೃಷ್ಣವ್ವ ದಾಟುವ ಹಾಗಿಲ್ಲ. ಅವಳ ಮನೆಯ ಗೋಡೆಗೆ ಬುದ್ಧನ ಫೋಟೋ ಇದೆ, ಬಾಬಾಸಾಹೇಬರ ಫೋಟೋ ಇದೆ. ಆ ಮನೆಗಳವರಿಗೆ ಅಷ್ಟೇ ಸಾಕು. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ. "ಅಲ್ಲೇ ಕುಂಡ್ರವಾ, ಗಾಳಿ ಛಲೋ ಐತಿ" ಅನ್ನುತ್ತಾರೆ.

ಬೈಲಹೊಂಗಲದ ಹಾದಿಯಲ್ಲಿ ಒಂದು ಊರು, ಅಲ್ಲಿ ಮಡಿವಾಳೆಪ್ಪ ಗೌಡರ ಮನೆ. ಐದು ವರ್ಷದ ಹಿಂದೆ ಅವರು ಮುಂಬಾಗಿಲಿಗೆ ಹೊಸ ಚೌಕಟ್ಟು ಮಾಡಿಸಿದಾಗ ಪೂಜೆಯ ಅಯ್ಯನವರು ಮುಹೂರ್ತವನ್ನು ಮರುದಿನಕ್ಕೇ ತಂದುಬಿಟ್ಟರು. ಎಣ್ಣೆಗೆ ಹನ್ನೆರಡು ದಿನ ಬೇಕು, ಕೈಯಲ್ಲಿ ಒಂದೇ ದಿನ. "ಮೊದಲ ನಿಲ್ಲಸೂಣು, ಎಣ್ಣಿ ಆಮ್ಯಾಲೆ" ಅಂದರು ಗೌಡರು. ಹಾಗಾಗಿ ಆ ಒಂದು ಮನೆಗೆ ಮಾತ್ರ ಕೃಷ್ಣವ್ವ ಡಬ್ಬಿ ಹೊತ್ತು ತಾನೇ ಹೋಗಬೇಕಾಯಿತು. ಹೊರಮೈಗೆ ಮೂರು ಸರ್ತಿ ಬಳಿದು ಮುಗಿಸಿ, ಒಳಗೆ ಹೆಜ್ಜೆ ಇಡಬೇಕೆನ್ನುವಾಗ ಗೌಡರ ತಾಯಿ ಗುರವ್ವ ಹೊಸ್ತಿಲ ಮುಂದೆ ಬಂದು ನಿಂತಳು. "ಒಳಗಿಂದು ನಾವ ಹಚ್ಕೋತೇವಿ, ಡಬ್ಬಿ ಅಲ್ಲೇ ಇಟ್ಟ ಹೋಗ." ಕೃಷ್ಣವ್ವ ಉಳಿದ ಎಣ್ಣೆಯ ಡಬ್ಬಿಯ ಬಾಯಿಗೆ ಮೇಣ ಅಂಟಿಸಿ ಇಟ್ಟು ಬಂದಳು. ಬಂದದ್ದು ತಪ್ಪು ಅಂತ ಈಗ ಅವಳೇ ಹೇಳುತ್ತಾಳೆ.

ಈ ವರ್ಷ ಕಾರ ಹುಣ್ಣಿಮೆ ಕಳೆದ ಮೇಲೆ ಆ ಚೌಕಟ್ಟಿನ ಬುಡದಿಂದ ಮಣ್ಣು ಉದುರತೊಡಗಿತು. ಗೌಡರು ಬೈಲಹೊಂಗಲದ ಸಂತೆಯಲ್ಲಿ ನಾಲ್ಕು ಮಂದಿಯ ನಡುವೆ ನಿಂತು, "ಆಕೀ ಎಣ್ಣಿ ಅಂದ್ರ ಬರೇ ನಾತ. ಗೆದ್ದಲ ಚಟ್ನಿ ಮಾಡ್ಕೊಂಡ ತಿಂದಾವು" ಅಂದರು. ಮಂದಿ ನಕ್ಕರು. ನಕ್ಕವರಲ್ಲಿ ಇಬ್ಬರು ತಮ್ಮ ತೊಲೆಗಳನ್ನು ಕೃಷ್ಣವ್ವನ ಅಂಗಳದಿಂದ ಹೊತ್ತುಕೊಂಡು ಹೋದರು.

ಪರಸಪ್ಪ ಮೋಟರ್ ಸೈಕಲ್ ಹತ್ತಿ ಬಂದ.

"ಕೃಷ್ಣಕ್ಕ, ಗೌಡ್ರ ಹೊರಗಿಂದ ಇನ್ನೊಮ್ಮೆ ಪುಗಸಟ್ಟೆ ಹಚ್ಚಿ ಹೋಗು ಅಂತಾರ. ಹಚ್ಚಿಬಿಡು. ಮಾತು ಅಲ್ಲಿಗೆ ಮುಗೀತೈತಿ."

"ನಂದ ತಪ್ಪು ಅಂತ ಒಪ್ಪಿದ್ಹಂಗ ಆತಲ್ಲೋ."

"ಒಪ್ಪು. ಏನ್ ಗಂಟು ಹೋಗತೈತಿ?"

"ಮೂವತ್ತು ವರ್ಷ ಹೋಗತೈತಿ. ಇವತ್ತ ಒಪ್ಪಿದ್ರ ನಾಳಿ ಯಾವ ಮನಿ ಬಾಗಲಾ ಹುಳತರೂ ಕೃಷ್ಣವ್ವನ ಕೈ ಅಂತಾರ. ನೀನೂ ಅಂತಿ."

ಪರಸಪ್ಪ ಇಲ್ಲ ಅನ್ನಲಿಲ್ಲ. ಇದು ಬಗೆಹರಿಯುವ ತನಕ ಹೊಸ ಕೆಲಸ ಕಳಿಸಲಾರೆ ಅಂತ ಮಾತ್ರ ಹೇಳಿದ. ಕೃಷ್ಣವ್ವ ಅವನಿಗೆ ಚಹಾ ಕೊಟ್ಟಳು, ಅವನು ಕುಡಿದ. ಮರುದಿನ ಮುಂಜಾನೆ ಒಂದು ದಬ್ಬಣ ಮತ್ತು ಒಂದು ಸಣ್ಣ ಸುತ್ತಿಗೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬೈಲಹೊಂಗಲದ ಬಸ್ಸು ಹತ್ತಿದಳು.

ಗೌಡರು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. "ಡಬ್ಬಿ ಎಲ್ಲೈತಿ?" ಅಂದರು.

"ಡಬ್ಬಿ ತಂದಿಲ್ರಿ ಗೌಡ್ರ. ಮೊದಲ ಬ್ಯಾನಿ ನೋಡೂಣು, ಆಮ್ಯಾಲೆ ಔಷಧಿ."

ಹೊರಮೈಯನ್ನು ತಲೆಯಿಂದ ಬುಡದ ತನಕ ಸುತ್ತಿಗೆಯಿಂದ ಬಡಿಯುತ್ತ ಬಂದಳು. ಟಣ್, ಟಣ್, ಟಣ್. ದಬ್ಬಣ ಊರಿದಳು, ಕೂದಲೆಳೆಯಷ್ಟೂ ಇಳಿಯಲಿಲ್ಲ. ಓಣಿಯಲ್ಲಿ ಹೋಗುವವರು ಒಬ್ಬೊಬ್ಬರೇ ನಿಲ್ಲತೊಡಗಿದರು.

"ಇನ್ನ ಒಳಗಿಂದು ನೋಡಬೇಕ್ರಿ."

"ಅನ್ನಪೂರ್ಣಾ ಬಡದು ತೋರಸ್ತಾಳ" ಅಂದರು ಗೌಡರು. ಅನ್ನಪೂರ್ಣಾ ಅವರ ಹೆಂಡತಿ. ಅವಳು ಒಳಗಿನಿಂದ ಕೈ ಚಾಚಿದಳು.

ಕೃಷ್ಣವ್ವ ಸುತ್ತಿಗೆ ಕೊಡಲಿಲ್ಲ. "ಸಂತ್ಯಾಗ ಹೆಸರು ನಂದು ತಗೊಂಡೀರಿ, ಅಕ್ಕಾರದಲ್ಲ. ನಾನ ಬಡೀತೇನಿ."

"ಅಲ್ಲಿಂದ ಬಗ್ಗಿ ಬಡೀವಾ" ಅಂತ ಒಳಗಿಂದ ಗುರವ್ವನ ದನಿ ಬಂತು. ಅವಳು ಪಡಸಾಲೆಯ ಹೊರಸಿನ ಮೇಲೆ ಕೂತಿದ್ದಳು.

"ಐದು ವರ್ಷದ ಹಿಂದ ಬಗ್ಗಿದ್ನಿ, ಅವ್ವಾರ. ಬಗ್ಗಿದ್ದಕ್ಕ ಇವತ್ತ ಇಲ್ಲಿ ನಿಂತೇನಿ. ಒಂದು ಮಾತು ಕೇಳ್ತೇನಿ. ಅವತ್ತ ಬಿಟ್ಟು ಹೋದ ಎಣ್ಣಿ ಯಾರು ಹಚ್ಚಿದ್ರಿ?"

ಗುರವ್ವ ಸೆರಗು ಸರಿ ಮಾಡಿಕೊಂಡಳು. "ಹಚ್ಚಿರತಾರ ಯಾರೋ ಆಳಮಂದಿ."

ಅನ್ನಪೂರ್ಣಾ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಹಿತ್ತಲಿಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಒಂದು ತಗಡಿನ ಡಬ್ಬಿ. ಐದು ವರ್ಷದಿಂದ ಕಾಳು ತುಂಬಿಡುವ ಹಗೇವಿನ ಮುಚ್ಚಳ ಗಾಳಿಗೆ ಹಾರದಂತೆ ಅದನ್ನು ಭಾರಕ್ಕೆ ಇಟ್ಟಿದ್ದರು. ಬಾಯಿಗೆ ಕೃಷ್ಣವ್ವ ಅಂಟಿಸಿದ್ದ ಮೇಣ ಹಾಗೇ ಇತ್ತು.

"ಹೊಸ್ತಿಲಕ್ಕ ದಿನಾ ಅರಿಷಿಣ ಕುಂಕುಮ ಏರಸ್ತೇವಿ, ಆಕೀ ಕೈಯಾನ ಎಣ್ಣಿ ಒಳಗ ಬ್ಯಾಡ ಅಂದ್ರಿ, ಅತ್ತಿ" ಅಂದಳು ಅನ್ನಪೂರ್ಣಾ, ಮನೆಯಲ್ಲಿ ಕಾಳು ತೀರಿತು ಅಂತ ಹೇಳುವಷ್ಟೇ ಮೆಲ್ಲಗೆ. "ನಾ ಕೇಳಿದ್ದಕ್ಕ ಸಿಟ್ಟಿಗೆದ್ದಿದ್ರಿ."

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೌಡರು ಪೇಪರ್ ಮಡಚಿದರು. "ಆತು ಬಿಡು ಕೃಷ್ಣವ್ವ. ನಿನ್ನ ತಪ್ಪಲ್ಲ ಅಂತ ಹೇಳ್ತೇನಿ. ಇನ್ನ ಹೋಗ."

ಅಷ್ಟಕ್ಕೇ ಹೋಗಬಹುದಿತ್ತು. ಹೆಸರು ಉಳಿದಿತ್ತು. ಕೃಷ್ಣವ್ವ ಹೋಗಲಿಲ್ಲ. ಚಪ್ಪಲಿ ಬಿಟ್ಟಳು. ಬಲಗಾಲೋ ಎಡಗಾಲೋ ಯೋಚಿಸಲಿಲ್ಲ, ಮುಂದೆ ಬಂದ ಕಾಲಿಟ್ಟು ಹೊಸ್ತಿಲು ದಾಟಿದಳು. ಗುರವ್ವ ಹೊರಸಿನ ಮೇಲೆ ಕಾಲು ಮೇಲಕ್ಕೆಳೆದುಕೊಂಡಳು, ಮನೆಯೊಳಗೆ ನೀರು ನುಗ್ಗಿದ ಹಾಗೆ.

ಕೃಷ್ಣವ್ವ ಕೆಳಗೆ ಕೂತು ಒಳಮೈಗೆ ಸುತ್ತಿಗೆ ಇಟ್ಟಳು. ಟೊಳ್ಳು ಕುಂಬಳಕಾಯಿ ಬಡಿದಂಥ ಸಪ್ಪಳ. ದಬ್ಬಣ ಹಿಡಿಯ ತನಕ ಇಳಿಯಿತು. ಹೊರಗೆಳೆದಾಗ ತುದಿಗೆ ಬಿಳಿ ಹುಳು.

"ನೋಡ್ರಿ ಗೌಡ್ರ, ನಾ ಮುಟ್ಟಿದ ಮೈ ಗಟ್ಟಿ ಐತಿ. ನಾ ಮುಟ್ಟಬಾರದು ಅಂದ ಮೈ ಹೊಟ್ಟಾಗೈತಿ. ಮ್ಯಾಲೆ ಅವ್ವಾರು ದಿನಾ ಮುಂಜಾನೆ ಕೊಡಾ ನೀರು ಸುರುವಿಸಿ ಹೊಸ್ತಿಲಾ ತೊಳಸಿ, ಗೆದ್ದಲಕ್ಕ ಕುಡಿಯಾಕ ನೀರೂ ಕೊಟ್ಟಾರ." ಎದ್ದು ನಿಂತಳು. "ಇದನ್ನ ಕಿತ್ತು ಹೊಸಾದು ಹಾಕಸ್ರಿ. ಹಾಕಿಸಿದ ಮ್ಯಾಲೆ ವರ್ಷಕ್ಕೊಮ್ಮೆ ಎಣ್ಣಿ ಬೇಕು, ಒಳಗೂ ಹೊರಗೂ. ನಿಮ್ಮನಿ ಅಷ್ಟ ಅಲ್ಲ. ಇನ್ನ ಮ್ಯಾಲೆ ನನ್ನನ್ನ ಒಳಗ ಕರಿಯೂ ಮನಿ ಕಟ್ಟಿಗೀನ ನಾ ಮುಟ್ಟತೇನಿ. ಉಳದಾವರು ಗೆದ್ದಲಾನ ಕರಕೊಳ್ರಿ."

ಪರಸಪ್ಪ ಇದನ್ನು ಕೇಳಿ ತಲೆ ಹಿಡಿದುಕೊಂಡ. "ನಿನ್ನ ಗಿರಾಕಿ ಅರ್ಧ ಹೋಗ್ತಾರಲ್ಲ, ಅಕ್ಕ!"

"ಹೋಗ್ಲಿ. ಕೈಗೆ ಬೊಬ್ಬಿ ಕಡಿಮಿ ಆಗತಾವು."

ಅರ್ಧ ಹೋಗಲಿಲ್ಲ, ಆದರೆ ಹಲವರು ಹೋದರು. ಕೆಲವರು ಪೇಟೆಯಿಂದ ಕಬ್ಬಿಣದ ಚೌಕಟ್ಟು ತಂದರು. ಕೃಷ್ಣವ್ವನ ಅಂಗಳದಲ್ಲಿ ಒಂದು ತಿಂಗಳು ಒಲೆ ಆರಿಯೇ ಇತ್ತು. ಆಮೇಲೆ ಮಡಿವಾಳೆಪ್ಪ ಗೌಡರ ಹೊಸ ಚೌಕಟ್ಟು ಬಂತು, ಮುಹೂರ್ತಕ್ಕೆ ಇಪ್ಪತ್ತು ದಿನ ಮೊದಲೇ. ಹೇಳಿಕಳಿಸಿದವಳು ಅನ್ನಪೂರ್ಣಾ.

ಚೌಕಟ್ಟು ನಿಂತ ಮೇಲೆ ಬುಡದ ಸಂದುಗಳಿಗೆ ಕೊನೆಯ ಎಣ್ಣೆ ಕುಡಿಸಲು ಕೃಷ್ಣವ್ವ ಹೋದಳು. ಗೌಡರು ಪೇಪರಿನಲ್ಲಿ ಮುಖ ಹುದುಗಿಸಿದರು. ಗುರವ್ವ ಹಿತ್ತಲ ಬಾಗಿಲಿನಿಂದ ಮಗ್ಗುಲ ಮನೆಗೆ ಹೋಗಿ ಕೂತಳು. ಇನ್ನು ಮುಂದೆ ಕೃಷ್ಣವ್ವ ಬಂದಾಗಲೆಲ್ಲ ಹಾಗೇ ಹೋಗುವವಳೇ, ಹೋಗಲಿ. ಕೃಷ್ಣವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಒಳಮೈಗೆ ಕುಂಚ ಎಳೆಯುತ್ತಿದ್ದಳು.

ಬೆಳಗಿನ ಕೊಡ ಹಿಡಿದು ಅನ್ನಪೂರ್ಣಾ ಬಂದಳು. ಅಭ್ಯಾಸಬಲದಿಂದ ಕೊಡ ಬಗ್ಗಿಸಿದವಳು ತಡೆದು ನಿಂತಳು.

"ಸುರುವಬ್ಯಾಡ್ರಿ, ಅಕ್ಕಾರ. ಅರಿಬಿ ಎದ್ದಿ, ಹಿಂಡಿ ಒರಸ್ರಿ."

ಅನ್ನಪೂರ್ಣಾ ಕೊಡ ಕೆಳಗಿಟ್ಟಳು. ಹಳೆಯ ಸೀರೆಯ ತುಂಡು ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಹೊಸ್ತಿಲನ್ನು ಈ ತುದಿಯಿಂದ ಆ ತುದಿಗೆ ಒರೆಸತೊಡಗಿದಳು. ಕೃಷ್ಣವ್ವನ ಕಾಲು ಅಡ್ಡ ಬಂತು. "ಸ್ವಲ್ಪ ಸರೀರಿ" ಅಂದಳು. ಕೃಷ್ಣವ್ವ ಒಳಕ್ಕೇ ಸರಿದಳು. ಅನ್ನಪೂರ್ಣಾ ಹೊಸ್ತಿಲ ಉಳಿದ ತುದಿಯನ್ನೂ ಒರೆಸಿ ಮುಗಿಸಿದಳು.