ಗಾಳಿ ಇಳಿಯುವ ಬೆಂಚು
ವಿಶ್ವವಿದ್ಯಾಲಯದ ಪುಟ್ಟ ಅಣು ರಿಯಾಕ್ಟರಿನ ಒಳಗಾಳಿಯನ್ನು ಹೊರಹಾಕುವ ಚಿಮಣಿಗೆ ಒಂದು ಮೊಳೆ ಹೊಡೆಯಬೇಕಾದರೂ ಸರ್ಕಾರದ ತಪಾಸಣಾಧಿಕಾರಿ ವರ್ನಾ ಲಿಂಡ್‌ಕ್ವಿಸ್ಟ್ ಒಪ್ಪಬೇಕು. ಪ್ರೊಫೆಸರ್ ಹಾಲ್ವರ್ಸನ್ ಈ ಸಲ ಚಿಮಣಿಯನ್ನೇ ಬದಲಿಸಹೊರಟಿದ್ದರು! ವರ್ನಾ ಪ್ರತಿ ಸಲವೂ ಬಂದವರೇ ಕಡತ ಬದಿಗಿಟ್ಟು, ಮಂಡಿನೋವನ್ನು ಬೈಯುತ್ತಾ ತಾರಸಿ ಹತ್ತುವರು. “ಲೆಕ್ಕ ಬರೆದೋರು ನೀವು ಪ್ರೊಫೆಸರೇ, ಗಾಳಿ ಅದನ್ನ ಓದಿದ್ಯಾ ನೋಡೋಣ ಬನ್ನಿ!” ಎಂದು ಸೋಪಿನ ಗುಳ್ಳೆ ಊದಿ, ಅವು ತೇಲಿದತ್ತ ಕೇಕೆ ಹಾಕುತ್ತಾ ಓಡುವರು. ಅನುಮಾನ ಉಳಿದರೆ ಅವರ ಊಟ ಕಾರಿನಲ್ಲಿ. ತೀರಿದರೆ ಮಾತ್ರ, ಚಿಮಣಿಯ ಗಾಳಿ ಇಳಿಯುವ ಅಂಗಳದ ಬೆಂಚಿನ ಮೇಲೆ. ಅದಕ್ಕೇ ಇಂದು ಕಿಟಕಿ ಕಿಟಕಿಯಲ್ಲೂ ವಿದ್ಯಾರ್ಥಿಗಳ ತಲೆ. ವರ್ನಾ ಬೆಂಚಿಗೇ ಬಂದು ಡಬ್ಬಿ ಬಿಚ್ಚಿದಾಗ ಹುಡುಗರೆಲ್ಲ ಹೋ ಎಂದರು. ಹಾಲ್ವರ್ಸನ್ ಹಿಗ್ಗಿ ಪೆನ್ನು ಚಾಚಿದರು. ವರ್ನಾ ಪೆನ್ನು ಮುಟ್ಟದೆ, ಸರಿದು ಜಾಗ ಮಾಡಿದರು: “ನಿಮ್ಮ ಮಗಳೂ ಇಲ್ಲೇ ಓದ್ತಾಳಲ್ವಾ? ಊಟಕ್ಕೆ ಕರೀರಿ. ಸಹಿ ಆಮೇಲೆ.” ಹಾಲ್ವರ್ಸನ್ ಒಮ್ಮೆ ಚಿಮಣಿಯತ್ತ ನೋಡಿ, ಫೋನು ತೆಗೆದರು.