ಹಸಿ ಪಚಡಿ ಮತ್ತು ತಲೆಯೊಳಗಿನ ಒಂದು ಚುಕ್ಕೆ

ಮೊದಲು ಕುಣಿದದ್ದು ನನ್ನ ಬಲಗೈ ಹೆಬ್ಬೆರಳು.

ಶನಿವಾರ ಬೆಳಿಗ್ಗೆ. ತಾರ್ನಾಕದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನೆಲದ ಮೇಲೆ ಕೂತು ಗಜ್ಜರಿ ತುರಿಯುತ್ತಿದ್ದೆ. ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ಮೈತ್ರಿ. ಸೌತೆಕಾಯಿಯ ತುದಿ ಕೊಯ್ದು ಅವಳ ಕೈಗೆ ಕೊಟ್ಟಿದ್ದೆ. ಕಹಿ ಹೋಗಲೆಂದು ಅದನ್ನು ಉಜ್ಜಿ ಉಜ್ಜಿ ಬಿಳಿ ನೊರೆ ಬರಿಸುವುದು ಅವಳ ಪಾಲಿನ ಕೆಲಸ. ಆಗ ನನ್ನ ಬೆರಳು ತಾನಾಗಿಯೇ ಪಟಪಟ ಅಲುಗಾಡತೊಡಗಿತು. ನನಗೆ ನಗು ಬಂತು. "ಇಲ್ಲಿ ನೋಡಿಲ್ಲಿ, ಅವ್ವನ ಬೆರಳು ಕುಣ್ಯಾಕತ್ತೈತಿ" ಎಂದು ಮಗಳಿಗೆ ತೋರಿಸಿದೆ. ಅವಳೂ ನಕ್ಕಳು.

ಬೆರಳಿನಿಂದ ಮಣಿಕಟ್ಟಿಗೆ ಬಂತು. ಅಲ್ಲಿಂದ ಮೊಣಕೈಗೆ. ತುರಿಮಣೆ ಕೈಯಿಂದ ಜಾರಿತು. ಬಾಯಿಯ ಒಂದು ಬದಿಯನ್ನು ಯಾರೋ ದಾರ ಕಟ್ಟಿ ಎಳೆದಂತಾಯಿತು. ಬಚ್ಚಲಲ್ಲಿದ್ದ ಗಂಡನನ್ನು ಕರೆಯಲು ನೋಡಿದೆ. ಗಿರೀಶ ಎಂಬ ಹೆಸರು ಗೊತ್ತಿತ್ತು. ಬಾಯಿಗೆ ಬರಲಿಲ್ಲ.

ಆಮೇಲೆ ಏನೂ ಇಲ್ಲ.

ಕಣ್ಣು ಬಿಟ್ಟಾಗ ನನ್ನ ಮುಷ್ಟಿಯೊಳಗೆ ಬೀಗದ ಕೈಗೊಂಚಲಿತ್ತು. ಗಿರೀಶ ಒದ್ದೆ ಮೈಯಲ್ಲೇ ಓಡಿಬಂದು, ಚಿಕ್ಕಂದಿನಲ್ಲಿ ಊರಲ್ಲಿ ನೋಡಿದ್ದ ಹಾಗೆ ಕಬ್ಬಿಣ ಹಿಡಿಸಿದ್ದರಂತೆ. ಪಕ್ಕದ ಮನೆಯ ವಿಜಯಕ್ಕ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಏಂ ಕಾಲೇದಮ್ಮಾ, ಏಂ ಕಾಲೇದು" ಎಂದು ತೆಲುಗಿನಲ್ಲಿ ಸಮಾಧಾನ ಹೇಳುತ್ತಿದ್ದರು. ಏನೂ ಆಗಿಲ್ಲ, ಏನೂ ಆಗಿಲ್ಲ. ನಾಲಿಗೆ ಕಚ್ಚಿ ಬಾಯಿ ತುಂಬ ರಕ್ತದ ಉಪ್ಪು. ಬಟ್ಟೆ ಒದ್ದೆಯಾಗಿತ್ತು. ಅದು ನೀರಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮೈತ್ರಿ ಹೊಸ್ತಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಇನ್ನೂ ಸೌತೆಕಾಯಿಯ ತುದಿ.

ಅವಳು ಅಳುತ್ತಿರಲಿಲ್ಲ.

ನಾವು ರಾಯಚೂರು ಕಡೆಯವರು. ರೊಟ್ಟಿ ತಾಟಿನ ಅಂಚಿಗೆ ಹಸಿಯಾದ ಏನಾದರೂ ಇಲ್ಲದಿದ್ದರೆ ನಮಗೆ ಊಟ ಮಾಡಿದ ಹಾಗೆ ಅನಿಸುವುದಿಲ್ಲ. ಹಸಿ ಮೆಂತ್ಯದ ಸೊಪ್ಪು, ಎಳೆ ಮೂಲಂಗಿ, ಉಳ್ಳಾಗಡ್ಡಿ ತಪ್ಪಲು. ಫಾಲ್ಗುಣ ಮುಗಿದು ಬಿಸಿಲು ಏರಿತೆಂದರೆ ನನಗೆ ಅನ್ನ, ಸಾರು ಎರಡೂ ಬೇಡ. ಹೆಸರುಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿ, ಮಾವಿನಕಾಯಿ ತುರಿದು ಹಾಕಿದ ಕೋಸಂಬರಿ. ಮೆಂತ್ಯ ಸಣ್ಣಗೆ ಹೆಚ್ಚಿ, ಶೇಂಗಾಪುಡಿ, ಉಪ್ಪು, ಹಸಿ ಎಣ್ಣೆ ಹಾಕಿ ಕಲಸಿದ ಪಚಡಿ. ಗಜ್ಜರಿಗೆ ನಿಂಬೆಹಣ್ಣು. ಅಷ್ಟಿದ್ದರೆ ಹೊಟ್ಟೆ ಹಗುರ, ತಲೆ ಹಗುರ. ಗಚ್ಚಿಬೌಲಿಯ ಆಫೀಸಿಗೆ ಹೋಗುವ ಬಸ್ಸಿನಲ್ಲಿ ನನ್ನ ಡಬ್ಬಿ ಹೆಸರುವಾಸಿಯಾಗಿತ್ತು. ಕೂತಲ್ಲೇ ಕೂತು ಕೆಲಸ ಮಾಡಿ ಎಲ್ಲರ ಸೊಂಟವೂ ಅಗಲವಾಗುತ್ತಿದ್ದ ಕಾಲ. ಹೊಸ ಕಟ್ಟಡಗಳು ಏಳುತ್ತಲೇ ಇವೆ, ಹೊಸ ಪ್ರಾಜೆಕ್ಟುಗಳು ಬರುತ್ತಲೇ ಇವೆ, ಊಟದ ಹೊತ್ತಿಗೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ನನ್ನ ಪಕ್ಕ ಕೂರುವ ಮೈಸೂರಿನ ಕಾವ್ಯ ದಿನವೂ ಡಬ್ಬಿಗೆ ಕೈ ಹಾಕಿ, ಇವತ್ತು ಯಾವುದು ಎಂದು ಕೇಳುತ್ತಿದ್ದಳು. ಬೇಯಿಸಿದ್ದು ಕಡಿಮೆ ಮಾಡಿ, ಹಸಿ ತರಕಾರಿ ಹೆಚ್ಚು ತಿನ್ನಿ ಎಂದು ಇಡೀ ಟೀಮಿಗೆ ಹೇಳುತ್ತಿದ್ದವಳು ನಾನೇ.

ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ಡ್ಯೂಟಿ ಡಾಕ್ಟರ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೆದುಳಿನ ಎಡಭಾಗದಲ್ಲಿ ಒಂದು ಸಣ್ಣ ಉಂಗುರ. ಅದರ ಸುತ್ತ ಬೂದು ಬಣ್ಣದ ಊತ. ಲೀಜನ್, ಅಂದರೆ ಗಾಯದಂಥ ಕಲೆ, ಎಂದರು. ಟಿಬಿ ಗಂಟು ಇರಬಹುದು, ಟ್ಯೂಮರ್ ಇರಬಹುದು, ಬೇರೆ ಏನಾದರೂ ಇರಬಹುದು, ಎಂಆರ್‌ಐ ಮಾಡಿದ ಮೇಲೆ ನ್ಯೂರಾಲಜಿಸ್ಟ್ ಹೇಳುತ್ತಾರೆ ಎಂದು ಫಿಲ್ಮನ್ನು ಕವರಿಗೆ ಹಾಕಿ ಕೊಟ್ಟರು.

ಟ್ಯೂಮರ್.

ಉಳಿದೆರಡು ಮಾತು ನನ್ನ ಕಿವಿಗೆ ಬಿದ್ದದ್ದೇ ನೆನಪಿಲ್ಲ. ಎಂಆರ್‌ಐ ವರದಿ ಬರುವವರೆಗೆ ನಾನು ಯೋಚಿಸಿದ್ದು ಒಂದೇ ವಿಷಯ. ಮೈತ್ರಿಯ ಕೂದಲು ಬಹಳ ಸಿಕ್ಕಾಗುತ್ತದೆ, ನೋವಾಗದ ಹಾಗೆ ಬಾಚಲು ಗಿರೀಶಗೆ ಬರುವುದಿಲ್ಲ. ಸಾವಿನ ಬಗ್ಗೆ ದೊಡ್ಡ ಯೋಚನೆಗಳೇನೂ ಬರಲಿಲ್ಲ. ಬಾಚಣಿಗೆ, ಎಣ್ಣೆ, ಸಿಕ್ಕು. ಗಿರೀಶ ಕಾರಿಡಾರಿನ ಗೋಡೆಗೆ ಒರಗಿ ನಿಂತವರು ನಿಂತೇ ಇದ್ದರು. ಕೂತುಕೊಳ್ಳಿ ಎಂದೆ. ಕೂತರೆ ಏಳಲು ಆಗುವುದಿಲ್ಲ ಎಂದರು.

ನ್ಯೂರಾಲಜಿಸ್ಟ್ ಮೃದು ಮಾತಿನ ಹೆಂಗಸು. ಫಿಲ್ಮುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಿಂದಿಯಲ್ಲಿ, ನೀವು ಸಸ್ಯಾಹಾರಿಗಳೇ ಎಂದು ಕೇಳಿದರು. ಮೊಟ್ಟೆ ಕೂಡ ಮುಟ್ಟುವುದಿಲ್ಲ ಎಂದೆ. ಹಸಿ ತರಕಾರಿ, ಸೊಪ್ಪು ತಿನ್ನುತ್ತೀರಾ ಎಂದರು. ದಿನಾಲೂ, ಎಂದೆ. ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಆ ಕುರ್ಚಿಯಲ್ಲಿ ಕೂತಾಗಲೂ ಇತ್ತು. ಅವರು ತಲೆಯಾಡಿಸಿದರು. ಟ್ಯೂಮರ್ ಅಲ್ಲ ಎಂದರು. ಗಿರೀಶ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಡಾಕ್ಟರ್ ಅದೇನೆಂದು ಹೇಳಿದರು.

ಹುಳ.

ನನ್ನ ಮೆದುಳಿನಲ್ಲಿ.

ನ್ಯೂರೋಸಿಸ್ಟಿಸರ್ಕೋಸಿಸ್ ಎಂಬ ಉದ್ದ ಹೆಸರನ್ನು ಅವರು ಚೀಟಿಯಲ್ಲಿ ಬರೆದು ಕೊಟ್ಟರು. ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ, ಅಲ್ಲಿ ಮರಿಯಾಗಿ, ರಕ್ತದ ದಾರಿಯಲ್ಲಿ ಮೇಲಕ್ಕೆ ಬಂದು ಕೂತಿದೆ. ಈಗ ಸಾಯುತ್ತಿದೆ, ಅದಕ್ಕೇ ಸುತ್ತ ಊತ, ಅದಕ್ಕೇ ಫಿಟ್ಸ್. ಇದು ಹಂದಿ ಮಾಂಸ ತಿನ್ನುವವರಿಗೆ ಬರುವುದಲ್ಲವೇ ಎಂದು ಗಿರೀಶ ಕೇಳಿದರು. ಎಲ್ಲಿಯೋ ಓದಿದ್ದರು. ಈ ಕುರ್ಚಿಯಲ್ಲಿ ಕೂತ ಸಸ್ಯಾಹಾರಿಗಳೆಲ್ಲ ಇದನ್ನೇ ಕೇಳುತ್ತಾರೆ ಎಂದರು ಡಾಕ್ಟರ್. ಸರಿಯಾಗಿ ಬೇಯದ ಮಾಂಸ ತಿಂದವರ ಹೊಟ್ಟೆಯಲ್ಲಿ ಹುಳ ಬೆಳೆಯುತ್ತದೆ, ನಿಜ. ಆದರೆ ಅದರ ಮೊಟ್ಟೆ ಅವರ ಮಲದಲ್ಲಿ ಹೊರಬಿದ್ದು, ಮಣ್ಣು, ನೀರು, ಕೊಳಚೆ ಹಾಯಿಸಿ ಬೆಳೆದ ಸೊಪ್ಪು, ತೊಳೆಯದ ಕೈ, ಯಾವುದರ ಮೂಲಕವಾದರೂ ಯಾರ ಬಾಯಿಗಾದರೂ ಹೋಗಬಹುದು.

ಯಾವ ಸೊಪ್ಪು, ಯಾವತ್ತಿನದು ಎಂದು ಕೇಳಿದೆ. ಗೊತ್ತಾಗುವುದೇ ಇಲ್ಲ ಎಂದರು. ವರ್ಷಗಳ ಹಿಂದಿನದೂ ಇರಬಹುದು. ಸೊಪ್ಪೇ ಆಗಿರಬೇಕೆಂದೂ ಇಲ್ಲ. ಮನೆಗೆ ಹೋಗುವ ಆಟೋದಲ್ಲಿ ಕತ್ತು ನೆಟ್ಟಗೆ ಮಾಡಿ ಕೂತೆ. ತಲೆ ಅಲುಗಾಡಿಸಲೂ ಹೆದರಿಕೆ. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ.

ಅತ್ತೆ ರಾಯಚೂರಿನಿಂದ ಬಂದರು. ಊರಲ್ಲಿ ಎಲ್ಲರಿಗೂ, ಸೊಸೆಗೆ ರಕ್ತ ಕಡಿಮೆಯಾಗಿ ತಲೆ ಸುತ್ತಿತು ಎಂದು ಹೇಳಿ ಬಂದಿದ್ದರು. ಮೂರ್ಛೆರೋಗ ಎಂಬ ಮಾತು ಹೊರಗೆ ಹೋದರೆ ಮುಂದೆ ಮೈತ್ರಿಯ ಮದುವೆಯವರೆಗೂ ಬೆನ್ನು ಬಿಡುವುದಿಲ್ಲ ಎಂಬುದು ಅವರ ಭಯ. ಬಂದ ದಿನವೇ ಮನೆಕೆಲಸ, ಮಗಳು, ನನ್ನ ಮಾತ್ರೆ ಎಲ್ಲವನ್ನೂ ಕೈಗೆ ತೆಗೆದುಕೊಂಡರು. ಮರುದಿನ ಗಿರೀಶ ಆಫೀಸಿಗೆ ಹೋದ ಮೇಲೆ ನನ್ನ ಹಾಸಿಗೆಯ ತುದಿಗೆ ಬಂದು ಕೂತರು. ನನ್ನ ಕಾಲು ನೇವರಿಸಿದರು. ಹಂದಿ ಮಾಂಸದ ಮಾತು ಅವರ ಕಿವಿಗೂ ಬಿದ್ದಿತ್ತು. ದನಿ ತಗ್ಗಿಸಿ ಕೇಳಿದರು.

"ಸುಧಾ, ಆಫೀಸಿನಾಗ ಯಾರರ ಏನರ ತಿನ್ನಿಸ್ಯಾರೇನವಾ? ನನಗ ಹೇಳು. ಗಿರೀಶಗ ನಾ ಹೇಳಂಗಿಲ್ಲ."

ಹುಳ ಎಂಬ ಮಾತು ಕೇಳಿದಾಗಲೂ ನನಗೆ ಅಷ್ಟು ಆಘಾತವಾಗಿರಲಿಲ್ಲ. ಆ ದನಿಯಲ್ಲಿ ಸಿಟ್ಟಿದ್ದರೆ ಜಗಳವಾಡಬಹುದಿತ್ತು. ಅದರಲ್ಲಿದ್ದದ್ದು ಅಕ್ಕರೆ. ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಗಿರೀಶಗೆ ಹೇಳಿದೆ. ಅವರು ತಾಯಿಯ ಮೇಲೆ ಎಗರಾಡಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೊರಟರು. ಡಾಕ್ಟರ್ ಚಿತ್ರ ಬರೆದು ತೋರಿಸುತ್ತ ಮತ್ತೆ ಎಲ್ಲವನ್ನೂ ವಿವರಿಸಿದರು. ಮನೆಯಲ್ಲಿರುವ ಎಲ್ಲರೂ, ನೀವೂ ಸೇರಿ, ಮಲ ಪರೀಕ್ಷೆ ಮಾಡಿಸಬೇಕು ಎಂದರು. ಮತ್ತೆ ಫಿಟ್ಸ್ ಬಂದರೆ ಬೀಗದ ಕೈ ಹಿಡಿಸಬೇಡಿ, ಬಾಯಿಗೆ ಏನೂ ತುರುಕಬೇಡಿ, ಒಂದು ಮಗ್ಗುಲಿಗೆ ಹೊರಳಿಸಿ ಸುಮ್ಮನೆ ಪಕ್ಕದಲ್ಲಿರಿ ಎಂದರು. ಅತ್ತೆ ದಾರಿಯುದ್ದಕ್ಕೂ ಹೊರಗೆ ನೋಡುತ್ತ ಕೂತಿದ್ದರು. ಮನೆಯ ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದರು.

"ನನಗ ಗೊತ್ತಿರಲಿಲ್ಲವಾ" ಎಂದರು. ಅಷ್ಟೇ.

ಅಂದಿನಿಂದ ನಮ್ಮ ಮನೆಯಲ್ಲಿ ಹಸಿ ಎಂಬುದು ಉಳಿಯಲಿಲ್ಲ. ಸೌತೆಕಾಯಿ ಬೆಂದಿತು. ಗಜ್ಜರಿ ಬೆಂದಿತು. ಕೊತ್ತಂಬರಿಯನ್ನು ಅತ್ತೆ ಸಾರಿನ ಮೇಲೆ ಉದುರಿಸುವ ಬದಲು ಕುದಿಯುವಾಗಲೇ ಹಾಕಿದರು. ಯುಗಾದಿಯ ದಿನ ಬೇವಿನ ಹೂವನ್ನೂ ಕುದಿನೀರಿಗೆ ಅದ್ದಿ ತೆಗೆದರು. ಕಪ್ಪಗೆ ಮುದುಡಿದ ಹೂವನ್ನು ಬೆಲ್ಲದ ಜೊತೆ ಅಂಗೈಗೆ ಹಾಕಿದಾಗ ಗಿರೀಶ ನನ್ನ ಮುಖ ನೋಡಿದರು. ಎಷ್ಟೋ ದಿನಗಳ ಮೇಲೆ ಇಬ್ಬರಿಗೂ ನಗು ಬಂತು.

ಸ್ಟೆರಾಯ್ಡ್ ನನ್ನ ಮುಖವನ್ನು ಪೂರಿಯ ಹಾಗೆ ಉಬ್ಬಿಸಿತು. ತೀರದ ಹಸಿವು. ಫಿಟ್ಸಿನ ಮಾತ್ರೆ ನುಂಗಿದರೆ ತಲೆಯೊಳಗೆ ಹತ್ತಿ ತುಂಬಿದ ಹಾಗೆ. ಸ್ಕೂಟಿ ಓಡಿಸಬಾರದು. ಒಲೆಯ ಮುಂದೆ ಒಬ್ಬಳೇ ನಿಲ್ಲಬಾರದು. ಬಚ್ಚಲಿನ ಚಿಲಕ ಹಾಕಬಾರದು. ಇವು ಡಾಕ್ಟರ್ ಹೇಳಿದವು. ಮಗಳ ಜೊತೆ ಒಬ್ಬಳೇ ಇರಬಾರದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಇರಲು ಬಿಡಲಿಲ್ಲ. ಮೈತ್ರಿಯೂ ನನ್ನ ಹತ್ತಿರ ಬಂದು ಕೂರುವುದನ್ನು ಬಿಟ್ಟಳು. ದೂರದಿಂದ ನನ್ನ ಬಲಗೈಯನ್ನೇ ನೋಡುತ್ತಿದ್ದಳು. ನಾನು ತುತ್ತು ಕಲಸಲು ಬೆರಳು ಆಡಿಸಿದರೂ ಅವಳ ಬಾಯಿ ಅಗಿಯುವುದನ್ನು ನಿಲ್ಲಿಸುತ್ತಿತ್ತು.

ಆಫೀಸಿಗೆ ಮರಳಿದ ವಾರವೇ ಇನ್ನೊಂದು ಸಲ ಬಂತು. ಬಸ್ಸಿನಲ್ಲಿ. ಈ ಸಲ ಎಚ್ಚರ ತಪ್ಪಲಿಲ್ಲ. ಕಾವ್ಯ ಏನೋ ಕೇಳಿದಳು, ಉತ್ತರ ಹೇಳಲು ಬಾಯಿ ತೆರೆದೆ.

ಮಾತೇ ಇರಲಿಲ್ಲ.

ಕನ್ನಡ ಇಲ್ಲ, ಇಂಗ್ಲಿಷ್ ಇಲ್ಲ, ಅವ್ವ ಎಂಬ ಮಾತೂ ಇಲ್ಲ. ಕಿಟಕಿಯಾಚೆ ಬಂಡೆಗಳು ಹಿಂದೆ ಸರಿಯುತ್ತಿರುವುದು ಕಾಣುತ್ತಿದೆ, ಇವಳು ಕಾವ್ಯ ಎಂದು ಗೊತ್ತಿದೆ, ಗಂಟಲಿನಿಂದ ಮಾತ್ರ "ಬ… ಬ…" ಎಂಬ ಸದ್ದು ಬಿಟ್ಟು ಬೇರೇನೂ ಹೊರಡುತ್ತಿಲ್ಲ. ಬಲಗೈ ತೊಡೆಯ ಮೇಲೆ ಮೀನಿನ ಹಾಗೆ ಒದ್ದಾಡುತ್ತಿತ್ತು. ಕಾವ್ಯ ಅದನ್ನು ತನ್ನ ಎರಡೂ ಕೈಗಳಲ್ಲಿ ಮೆತ್ತಗೆ ಹಿಡಿದು, "ಪರವಾಗಿಲ್ಲ ಸುಧಾ, ಮಾತಾಡ್ಬೇಡಿ, ನಾನಿಲ್ಲೇ ಇದ್ದೀನಿ" ಎಂದಳು. ಬಸ್ಸು ಗಚ್ಚಿಬೌಲಿ ಮುಟ್ಟುವ ಮೊದಲೇ ಮಾತು ಮರಳಿತು. ಮೊದಲು ಬಂದದ್ದು ಅವಳ ಹೆಸರು. ಅದನ್ನೇ ಮತ್ತೆ ಮತ್ತೆ ಹೇಳಿದೆ. ಹುಳ ಸಾಯುವಾಗ ಹೀಗಾಗುವುದುಂಟು ಎಂದು ಡಾಕ್ಟರ್ ಮಾತ್ರೆ ಹೆಚ್ಚಿಸಿದರು. ಅವರಿಗೆ ಅಚ್ಚರಿಯಾಗಿರಲಿಲ್ಲ. ನಾನು ಈಗಲೂ, ವಾಕ್ಯದ ನಡುವೆ ಒಂದು ಪದ ತಡವಾಗಿ ಬಂದರೆ, ಬಲಗೈ ನೋಡಿಕೊಳ್ಳುತ್ತೇನೆ.

ಮತ್ತೆ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಉಂಗುರ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಸುಣ್ಣದ ಒಂದು ಚುಕ್ಕೆ. ಹುಳ ಸತ್ತಿದೆ, ಗುರುತು ಉಳಿದಿದೆ ಎಂದರು ಡಾಕ್ಟರ್. ಈ ಚುಕ್ಕೆಯಿಂದ ಮುಂದೆ ಫಿಟ್ಸ್ ಬರಬಹುದು, ಬರದೆಯೂ ಇರಬಹುದು. ಮಾತ್ರೆ ಸದ್ಯಕ್ಕೆ ಬಿಡುವಂತಿಲ್ಲ. ಹಸಿ ತರಕಾರಿ ತಿನ್ನಬಹುದೇ ಎಂದು ಗಿರೀಶ ಕೇಳಿದರು. ಧಾರಾಳವಾಗಿ ತಿನ್ನಿ, ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು ತಿನ್ನಿ ಎಂದರು. ಹೆದರಬೇಕಾದ್ದು ತರಕಾರಿಗಲ್ಲ, ಅದರ ಮೇಲಿನ ಕೊಳೆಗೆ.

ಈ ಚೈತ್ರದಲ್ಲಿ ಕೋಸಂಬರಿ ಮಾಡಿದೆ. ಹೆಸರುಬೇಳೆಯನ್ನು ಕುದಿಸಿ ಆರಿಸಿದ ನೀರಲ್ಲಿ ನೆನೆಸಿದೆ. ಸೌತೆಕಾಯಿ, ಮಾವಿನಕಾಯಿ ಎರಡನ್ನೂ ಹರಿಯುವ ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಆಮೇಲೆ ಸಿಪ್ಪೆ ತೆಗೆದು, ಚಾಕು ತೊಳೆದು, ಕೈ ತೊಳೆದು ಹೆಚ್ಚಿದೆ. ಹಸಿ ಮೆಂತ್ಯವನ್ನು ಮಾತ್ರ ಬಿಟ್ಟೇಬಿಟ್ಟಿದ್ದೇನೆ. ಅದರ ಎಸಳು ಎಸಳನ್ನು ತೊಳೆಯಲಾದೀತೆಂಬ ನಂಬಿಕೆ ನನಗಿಲ್ಲ. ಕಾದ ಬಾಣಲೆಯಲ್ಲಿ ಬಾಡಿಸಿ ಶೇಂಗಾಪುಡಿ ಹಾಕಿದರೆ ಅದೂ ಒಂದು ರುಚಿ. ನಿಂಬೆಹಣ್ಣು ಹಿಂಡಿ, ಇಂಗಿನ ಒಗ್ಗರಣೆ ಕೊಟ್ಟು, ಒಂದು ಚಮಚ ಬಾಯಿಗಿಟ್ಟೆ. ಹಲ್ಲಿಗೆ ಸಿಕ್ಕ ಸೌತೆಕಾಯಿ ಕರುಂ ಎಂದಿತು. ನುಂಗಲಾಗಲಿಲ್ಲ. ಎದ್ದು ಹೋಗಿ ಉಗುಳಿ ಬಂದೆ. ಮೈತ್ರಿ ಮಾತ್ರ ಬಟ್ಟಲು ತುಂಬ ಹಾಕಿಸಿಕೊಂಡು ತಿನ್ನುತ್ತಿದ್ದಳು. ಅವಳ ಕೈಯಿಂದ ಬಟ್ಟಲು ಕಸಿದುಕೊಳ್ಳಬೇಕು ಅನ್ನಿಸಿತು. ಕಸಿದುಕೊಳ್ಳಲಿಲ್ಲ. ಮೂರನೆಯ ಸಲ ಮಾಡಿದಾಗ ನನಗೂ ಎರಡು ಚಮಚ ಇಳಿಯಿತು. ಯಾರಿಗೂ ಹೇಳಲಿಲ್ಲ.

ಅತ್ತೆ ಊರಿಗೆ ಹೋದರು. ಅವರು ಹೋದ ವಾರವೇ, ಭಾನುವಾರ, ಗಿರೀಶ ಸುಲ್ತಾನ್ ಬಜಾರಿಗೆ ಹೊರಟು, ಬಾಗಿಲಲ್ಲಿ ತಡೆದು ನಿಂತರು. ಹೋಗಿ ಬನ್ನಿ ಎಂದೆ. ಹೋದರು. ಬಾಗಿಲು ಮುಂದೆ ಮಾಡಿದ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಮೈತ್ರಿ. ಆ ದಿನದಿಂದೀಚೆಗೆ ಮೊದಲ ಸಲ ನಾವಿಬ್ಬರೇ. ಅವಳು ಬಂದು ನನ್ನೆದುರು ಚಾಪೆಯ ಮೇಲೆ ಕೂತಳು.

"ಅವ್ವಾ, ನೀ ಮತ್ತ ಬೀಳ್ತಿಯೇನು?"

ಇಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. "ಗೊತ್ತಿಲ್ಲವಾ. ಬೀಳಬಹುದು. ಬೀಳದನೂ ಇರಬಹುದು. ಬಿದ್ರ ನೀ ಏನ್ ಮಾಡ್ಬೇಕು, ಹೇಳಿಕೊಡ್ಲಿ?" ಎಂದೆ.

ಚಾಪೆಯ ಮೇಲೆ ಮಲಗಿದೆ. ಅವಳು ಎರಡೂ ಕೈಯಿಂದ ನನ್ನನ್ನು ಮಗ್ಗುಲಿಗೆ ತಳ್ಳಿದಳು, ಆಗಲಿಲ್ಲ, ಬೆನ್ನು ಕೊಟ್ಟು ತಳ್ಳಿದಳು. ಆಮೇಲೆ ಬಾಗಿಲು ತೆಗೆದು ಓಡಿ ವಿಜಯಕ್ಕನ ಬಾಗಿಲು ಬಡಿದಳು. ವಿಜಯಕ್ಕ ಬೆದರಿ ಓಡಿಬಂದರು. ನಾನು ಎದ್ದು ಕೂತು, ಅಭ್ಯಾಸ ಮಾಡುತ್ತಿದ್ದೇವೆ ಎಂದು ತೆಲುಗಿನಲ್ಲಿ ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಇನ್ನೊಂದು ಸಲ ಮಾಡಿ, ನಾನೂ ಕಲಿಯುತ್ತೇನೆ ಎಂದರು.

ಇನ್ನೊಂದು ಸಲ ಮಾಡಿದೆವು. ಅದರ ಮೇಲೂ ಒಂದು ಸಲ. ಆಮೇಲೆ ಮೈತ್ರಿ ನನ್ನನ್ನು ಚಾಪೆಯಿಂದ ಎಬ್ಬಿಸಿದಳು. ತಾನೇ ಕೈಕಾಲು ಚಾಚಿ ಮಲಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಈಗ ನಾ ಬಿದ್ದೀನಿ. ನೀ ಓಡು."

ಓಡಿದೆ.