ಹಾಲೇಶ ವಾಲಿ ನಿಂತ ಪಟ

ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಆಗ ನಾನು ನ್ಯಾಮತಿಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೆ, ಈಗಲೂ ನಡೆಸುತ್ತಿದ್ದೇನೆ. ಅಪ್ಪ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆಯುತ್ತಿದ್ದ ಕಾಲದ ಅಂಗಡಿ ಇದು. ಅಪ್ಪನ ನಂತರ ನಾನು ಕೂತೆ. ಐವತ್ತು ದಾಟಿದ ಹೆಂಗಸು ಕ್ಯಾಮೆರಾ ಹಿಡಿದದ್ದನ್ನು ಕಂಡು "ಯಜಮಾನ್ರು ಇಲ್ವೇನ್ರಿ?" ಎಂದು ಕೇಳುವವರು ಇವತ್ತಿಗೂ ಬರುತ್ತಾರೆ. "ಎದುರಿಗೇ ಕೂತಿದ್ದೀನಲ್ಲ, ಕಣ್ಣು ಕಾಣಲ್ವಾ?" ಎನ್ನುತ್ತೇನೆ. ನನ್ನ ನಾಲಿಗೆ ಕೆಟ್ಟದ್ದು ಎಂದು ಊರಿಗೇ ಗೊತ್ತು. ಒಳ್ಳೆಯ ನಾಲಿಗೆ ಇಟ್ಟುಕೊಂಡಿದ್ದರೆ ಈ ಅಂಗಡಿ ಎಂದೋ ಬೇರೆಯವರ ಪಾಲಾಗುತ್ತಿತ್ತು.

ಮದುವೆ ಫೋಟೋಗಳು ಆ ಹೊತ್ತಿಗಾಗಲೇ ಕೈಬಿಟ್ಟುಹೋಗಿದ್ದವು. ಡ್ರೋನ್ ಹಾರಿಸುವ ಹುಡುಗರು ಬಂದಿದ್ದರು. ನನಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೋ ಮತ್ತು ಸತ್ತವರ ಪಟ. ಹಾಗಿರುವಾಗ ದಾವಣಗೆರೆಯ ಪ್ರಿಂಟಿಂಗ್ ಲ್ಯಾಬ್‌ನಲ್ಲಿ ಹೊಸ ಥರದ ಕೆಲಸವೊಂದನ್ನು ಕಂಡೆ. ಫೋಟೋವನ್ನು ಕಂಪ್ಯೂಟರಿನಲ್ಲಿ ಎಣ್ಣೆಬಣ್ಣದ ಚಿತ್ರದಂತೆ ತಿದ್ದಿ, ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸುತ್ತಾರೆ. ಇದನ್ನು ಡಿಜಿಟಲ್ ಪೇಂಟಿಂಗ್ ಎನ್ನುತ್ತಾರೆ. ಹೇಳಿಕೊಡುವವರು ನಮ್ಮ ಕಡೆ ಯಾರೂ ಇರಲಿಲ್ಲ. ವಿಡಿಯೋ ನೋಡಿ ಕಲಿಯುವ ಒಂದು ಕೋರ್ಸಿಗೆ ಹೆಸರು ಕೊಟ್ಟೆ. ಪೆನ್ ಟ್ಯಾಬ್ಲೆಟ್, ಅಂದರೆ ಪೆನ್ನಿನಂಥ ಕಡ್ಡಿಯಿಂದ ಗೀಚಿದರೆ ಪರದೆಯ ಮೇಲೆ ಮೂಡುವ ಹಲಗೆ, ಅದನ್ನೂ ತರಿಸಿದೆ.

ವಿಡಿಯೋದ ಮೇಷ್ಟ್ರು ನನ್ನ ಅರ್ಧ ವಯಸ್ಸಿನವನು. ಹಿಂದಿ ಇಂಗ್ಲಿಷ್ ಬೆರೆಸಿ ಮಾತಾಡುತ್ತಾ, ಪ್ರತಿ ಪಾಠದಲ್ಲೂ ಹಲ್ಲು ಬಿಟ್ಟು "ಎಷ್ಟು ಸುಲಭ ನೋಡಿ" ಎನ್ನುತ್ತಿದ್ದ. ಅವನಿಗೆ ಸುಲಭ. ನಾನು ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ನೋಡಿ ಬೈಯುತ್ತಿದ್ದೆ. ಅವನು ಚಿತ್ರಿಸುತ್ತಿದ್ದ ಮುಖಗಳೆಲ್ಲ ಹಾಲಿನಂಥ ಬಿಳಿ. ಅವನು ಹೇಳಿದ ಅಳತೆಯಲ್ಲೇ ನೆರಳು ತಿಳಿ ಮಾಡಿದರೆ ನಮ್ಮ ಜನದ ಮುಖ ಬೂದಿ ಬಳಿದಂತಾಗುತ್ತಿತ್ತು. ಮಿಕ್ಸರ್ ಬ್ರಷ್ ಎಂಬುದೊಂದಿದೆ, ಪಕ್ಕಪಕ್ಕದ ಬಣ್ಣಗಳನ್ನು ಒಂದಕ್ಕೊಂದು ಎಳೆದು ಬೆರೆಸುವ ಕುಂಚ. ಅದನ್ನು ಮೊದಲು ನಮ್ಮಣ್ಣನ ಫೋಟೋದ ಮೇಲೆ ಆಡಿಸಿದಾಗ ಅವನು ತುಪ್ಪದಲ್ಲಿ ಅದ್ದಿ ತೆಗೆದವನ ಹಾಗೆ ಕಂಡ. ಅಣ್ಣ ಸಿಟ್ಟಾಗಿ ಒಂದು ವಾರ ಮಾತು ಬಿಟ್ಟ. ಆ ಹುಡುಗನ ಅಳತೆಗಳನ್ನು ಕಸಕ್ಕೆ ಹಾಕಿ, ಎದುರಿನ ಹೋಟೆಲಿನವರನ್ನು, ಆಟೋದವರನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಿ ನೋಡಿ ನನ್ನದೇ ಬಣ್ಣ ಹೊಂದಿಸಿಕೊಂಡೆ. ಕುಂಚ ಎಳೆಯುವ ದಿಕ್ಕು ಮಾತ್ರ ಅವನಿಂದಲೇ ಕಲಿತದ್ದು, ಅದನ್ನು ಇಲ್ಲ ಎನ್ನುವುದಿಲ್ಲ. ಕೆನ್ನೆಯ ಮೇಲೆ ಕೆನ್ನೆಯ ಉಬ್ಬಿಗೆ ತಕ್ಕಂತೆ, ಬಟ್ಟೆಯ ಮೇಲೆ ಮಡಿಕೆಗೆ ತಕ್ಕಂತೆ ಎಳೆಯಬೇಕು. ಅವನ ಪಾಠ ಇನ್ನೊಂದಿತ್ತು, ಎಲ್ಲಕ್ಕಿಂತ ಮೊದಲನೆಯದು. ಚಿತ್ರಕ್ಕೆ ಬೇಡವಾದದ್ದನ್ನೆಲ್ಲ ಶುರುವಿನಲ್ಲೇ ತೆಗೆದುಹಾಕಿ ಎನ್ನುತ್ತಿದ್ದ. ಬೇಡವಾದದ್ದು ಯಾರಿಗೆ ಎಂದು ಅವನು ಯಾವ ವಿಡಿಯೋದಲ್ಲೂ ಹೇಳಲಿಲ್ಲ.

ಕೈ ಸ್ವಲ್ಪ ಕುದುರಿದ ಹೊತ್ತಿಗೆ ಹೊನ್ನಾಳಿಯಿಂದ ಶಕುಂತಲಾ ಬಂದಳು. ಗಂಡ ಹಾಲೇಶ ತೀರಿಕೊಂಡು ಮೂರು ತಿಂಗಳಾಗಿತ್ತು. ಹೊನ್ನಾಳಿಯಲ್ಲಿ ಅವರದು ಮೋಟರ್ ರಿವೈಂಡಿಂಗ್ ಅಂಗಡಿ. ಗದ್ದೆ ತೋಟಗಳ ಪಂಪ್‌ಸೆಟ್ ಸುಟ್ಟರೆ ಒಳಗಿನ ತಾಮ್ರದ ತಂತಿ ಕಿತ್ತು ಹೊಸದಾಗಿ ಸುತ್ತಿ ಕೊಡುವ ಕೆಲಸ. ಮಕ್ಕಳಿಲ್ಲದ ಗಂಡ ಹೆಂಡತಿ ಇಬ್ಬರೂ ಅಲ್ಲೇ ಕೂತು ಸುತ್ತುತ್ತಿದ್ದರು. ಗಂಡ ಹೋದ ದಿನದಿಂದ ಅಂಗಡಿಗೆ ಬೀಗ. ಬೀಗದಕೈ ಅವಳ ಸೊಂಟದಲ್ಲಿತ್ತು.

ಫೋನಿನಲ್ಲಿದ್ದ ಒಂದು ಫೋಟೋ ತೋರಿಸಿದಳು. ಸೂಳೆಕೆರೆಯ ಏರಿಯ ಮೇಲೆ ಇಬ್ಬರೂ ನಿಂತಿದ್ದಾರೆ. ಕೆರೆಯ ಗಾಳಿಗೆ ಅವಳ ಸೆರಗು ಹಾರಿ ಅವನ ಎದೆಯನ್ನೆಲ್ಲ ಬಳಸಿದೆ. ಹಾಲೇಶ ಅವಳ ಕಡೆ ವಾಲಿ ನಗುತ್ತಿದ್ದಾನೆ. ವಾಟ್ಸಾಪಿನಲ್ಲಿ ನಾಲ್ಕು ಕೈ ಸುತ್ತಿ ಬಂದ ಫೋಟೋ, ದೊಡ್ಡದು ಮಾಡಿದರೆ ಚೌಕಳಿ ಚೌಕಳಿಯಾಗಿ ಒಡೆಯುತ್ತಿತ್ತು. ಅಂಥದ್ದಕ್ಕೆ ಪೇಂಟಿಂಗೇ ಸರಿ. ಒಡೆದ ಜಾಗವನ್ನೆಲ್ಲ ಕುಂಚದ ಗೆರೆ ನುಂಗಿಕೊಳ್ಳುತ್ತದೆ.

"ಒಬ್ಬರದೇ ಬೇರೆ ಫೋಟೋ ಇಲ್ವೇನಮ್ಮ?" ಎಂದೆ.

"ಐತ್ರಿ ಅಕ್ಕಾರೆ, ಆದ್ರೆ ನಂಗೆ ಇದೇ ಬೇಕು. ಅವರಿಗೆ ಮೋಟರ್ ಸದ್ದು ಕೇಳಿ ಕೇಳಿ ಒಂದು ಕಿವಿ ಮಂದ ಆಗಿತ್ತು. ನಾನೇನಾದ್ರೂ ಅಂದ್ರೆ ಹಿಂಗೇ ವಾಲ್ತಿದ್ರು. ಅಂಗಡೀಗೆ ಬರೋರೆಲ್ಲ ನೋಡಿರೋದು ಹಿಂಗೇ."

ಗಲ್ಲಾದ ಹಿಂದೆ ಹಾಕುವುದಕ್ಕೆ ಎಂದಳು. ನನಗೆ ಅರ್ಥವಾಯಿತು. ನಮ್ಮ ಕಡೆ ಅಂಗಡಿಗಳಲ್ಲಿ ತೀರಿಕೊಂಡ ಯಜಮಾನನ ಪಟ ಗಲ್ಲಾದ ಹಿಂದಿನ ಗೋಡೆಗೆ ಏರುತ್ತದೆ. ಅದಕ್ಕೆ ಎಲ್ಲರ ಮುಂದೆ ಹಾರ ಹಾಕಿದವರು ಗಲ್ಲಾದಲ್ಲಿ ಕೂತರೆ ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಹಾಲೇಶನ ಅಣ್ಣ ಚನ್ನೇಶಪ್ಪನಿಗೆ ಪಕ್ಕದ ಬೀದಿಯಲ್ಲಿ ಪೈಪಿನ ಅಂಗಡಿ. ತಮ್ಮನ ಮಳಿಗೆಯನ್ನು ಗೋಡೌನ್ ಮಾಡಿಕೊಳ್ಳುವ ಆಸೆ ಅವನಿಗೆ. ಶಕುಂತಲಾ ತವರಿಗೆ, ಜಗಳೂರಿಗೆ ಹೋಗಿ ಅಣ್ಣನ ಮನೆಯಲ್ಲಿ ಇದ್ದುಬಿಡಲಿ ಎಂದು ಬಂಧುಗಳ ಕಿವಿಯಲ್ಲಿ ಊದಿಯೂ ಆಗಿತ್ತು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಅಂಗಡಿಯ ಬಾಗಿಲು ತೆಗೆದು ಪಟ ಹಾಕುವುದೆಂದು ಹಿರಿಯರು ಗೊತ್ತುಮಾಡಿದ್ದರು.

ಎರಡೇ ದಿನಕ್ಕೆ ಚನ್ನೇಶಪ್ಪ ನನ್ನ ಸ್ಟುಡಿಯೋದಲ್ಲಿ ಪ್ರತ್ಯಕ್ಷ. ಕೈಯಲ್ಲಿದ್ದ ಫೋನಿನಲ್ಲಿ ಅದೇ ಫೋಟೋ.

"ಇದ್ರಾಗೆ ನಮ್ಮ ಹುಡುಗನ್ನ ಇಡ್ರಿ, ಆಕೀನ ತೆಗೀರಿ," ಎಂದ. ನಮಸ್ಕಾರ ಇಲ್ಲ, ಕೂರಲೂ ಇಲ್ಲ.

"ಇದು ಆಯಮ್ಮ ಕೊಟ್ಟಿರೋ ಕೆಲಸ."

"ಫೋಟೋ ನನ್ನ ಹತ್ರಾನೂ ಐತಲ್ಲ. ಸತ್ತೋನ ಪಕ್ಕ ಬದುಕಿರೋಳ್ನ ನಿಲ್ಸಿ ಪಟ ಮಾಡ್ತಾರೇನ್ರಿ ಎಲ್ಲಾದ್ರೂ? ಅದೂ ಹೂವ ಕುಂಕುಮ ಇಟ್ಕಂಡು! ಹೆಂಗಸ್ರು ಅಂಗಡಿ ಮಾಡಿದ್ರೆ ಹಿಂಗೇ ಆಗೋದು."

ಕೊನೆಯ ಮಾತು ನನಗೂ ಸೇರಿಸಿ ಎಸೆದದ್ದು. ಓಡಿಸಿಬಿಡೋಣ ಅನ್ನಿಸಿತು. ಆದರೂ ಶಕುಂತಲಾಗೆ ಒಂದು ಮಾತು ಹೇಳಬೇಕಲ್ಲ ಎಂದು ಅವನ ಮುಂದೆಯೇ ಫೋನ್ ಮಾಡಿದೆ. ಅವನು ಕೇಳಿದ್ದನ್ನು ಹೇಳಿದೆ.

"ಮಾಡ್ಕೊಡ್ರಿ ಅಕ್ಕಾರೆ. ನಾನಿಲ್ದೆ ಅವ್ರು ಹೆಂಗೆ ಕಾಣ್ತಾರೋ ಭಾವಾರೂ ನೋಡ್ಲಿ," ಎಂದಳು.

ಒಬ್ಬರನ್ನು ಫೋಟೋದಿಂದ ತೆಗೆಯುವುದು ಹೊರಗಿನವರಿಗೆ ಚಿಟಿಕೆ ಹೊಡೆದಷ್ಟು ಸುಲಭ ಅನ್ನಿಸುತ್ತದೆ. ಅವಳನ್ನು ತೆಗೆದ ಕೂಡಲೇ ಅವಳು ನಿಂತ ಜಾಗದಲ್ಲಿ ತೂತು. ಅಲ್ಲಿ ಕೆರೆ ತುಂಬಿಸಿದೆ, ಆಚೆಯ ಗುಡ್ಡ ತುಂಬಿಸಿದೆ. ಕಷ್ಟವಾದದ್ದು ಸೆರಗು. ಸೆರಗು ತೆಗೆದರೆ ಅವನ ಅರ್ಧ ಎದೆಯೇ ಇಲ್ಲ. ಇಲ್ಲದ್ದನ್ನು ಊಹಿಸಿ ಬರೆಯಲು ಮೇಷ್ಟ್ರು ಹುಡುಗನ ಪಾಠ ಇತ್ತು, ನೋಡಿಕೊಂಡು ಅಂಗಿ, ಗುಂಡಿ, ಜೇಬು ಎಲ್ಲ ಬರೆದೆ. ಕೆಲಸ ಚೆನ್ನಾಗಿಯೇ ಬಂತು. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಹಾಲೇಶ ಬೀಳುತ್ತಿದ್ದ. ವಾಲುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ, ಕೆರೆಯ ಕಡೆ ಜೋಲಿ ಹೊಡೆಯುತ್ತಾ ಗಾಳಿಗೆ ಹಲ್ಲು ಕಿರಿಯುತ್ತಿದ್ದ.

ಚನ್ನೇಶಪ್ಪ ಬಂದು ನೋಡಿ ಕೆಂಡವಾದ. "ಏನ್ರಿ ಇದು? ನಮ್ಮ ಹುಡುಗ ಒಂದು ದಿನ ಕುಡ್ದೋನಲ್ಲ. ಕುಡುಕನ್ನ ಮಾಡಿ ನಿಲ್ಸಿದೀರಲ್ರಿ!"

"ನಾನು ಮಾಡ್ಲಿಲ್ಲ. ನೀವು ತೆಗೀರಿ ಅಂದ್ರಿ, ತೆಗೆದೆ."

"ನೆಟ್ಟಗೆ ನಿಲ್ಸ್ರಿ."

ಅವನ ಎದುರೇ ನೆಟ್ಟಗೆ ನಿಲ್ಲಿಸಿದೆ. ಸೊಂಟದಿಂದ ತಿರುಗಿಸಿ, ಕತ್ತು ಸರಿಪಡಿಸಿ, ಭುಜ ಸಮ ಮಾಡಿದೆ. ಪರದೆಯ ಮೇಲೆ ನಿಂತವನು ಯಾರೋ ಬ್ಯಾಂಕಿನ ಮ್ಯಾನೇಜರ್. ಅದು ತಮ್ಮನಲ್ಲ ಎಂದು ಚನ್ನೇಶಪ್ಪನಿಗೂ ಗೊತ್ತಾಯಿತು. ಹಾಗಾದರೆ ಅವಳು ಇರಲಿ, ಕುಂಕುಮ ಹೂವಾದರೂ ಅಳಿಸಿ ಎಂದ. ಆಗ ನನಗೆ ತಡೆಯಲಾಗಲಿಲ್ಲ.

"ಆ ಫೋಟೋ ತೆಗೆದ ದಿನ ಆಕೆ ಗಂಡ ಪಕ್ಕದಲ್ಲಿ ನಿಂತಿದ್ದ. ಅವತ್ತಿನ ಕುಂಕುಮ ಅಳಿಸೋಕೆ ನೀವ್ಯಾರು, ನಾನ್ಯಾರು? ಎದ್ದು ನಡೀರಿ. ಅಂಗಡಿಗೆ ಆಯಮ್ಮನ ಪಟ ಒಂದೇ ಬರೋದು."

"ಬರ್ಲಿ ಬರ್ಲಿ," ಎಂದು ಮೆಟ್ಟಿಲಿಳಿದ. "ಹಾರ ನಾನು ತರೋದು. ದಪ್ಪಂದು ತಂದು ಆಕಿ ಮೇಲೆ ಬರೋ ಹಂಗೆ ಇಳಿಬಿಡ್ತೀನಿ. ಅಲ್ಲಿಗೆ ಮುಚ್ಚಿ ಹೋಗ್ತಾಳೆ."

ಆ ಮಾತು ಕೇಳಿ ನನಗೆ ಮೈ ಉರಿಯಿತು. ಸಿಟ್ಟಿನಲ್ಲೇ ಶಕುಂತಲಾಳ ಪಟ ಮುಗಿಸಿದೆ. ಸಿಟ್ಟು ಕುಂಚಕ್ಕೆ ಒಳ್ಳೆಯದು, ಕೈ ಅಳುಕುವುದಿಲ್ಲ. ಸೆರಗಿನ ಹಸಿರನ್ನು ಅವನ ಬಿಳಿ ಅಂಗಿಯೊಳಗೆ ಎಳೆದೆ, ಅಂಗಿಯ ಬಿಳಿಯನ್ನು ಸೆರಗಿನೊಳಗೆ ತಂದೆ. ಇನ್ನು ಯಾವ ಕಂಪ್ಯೂಟರೂ ಅವರಿಬ್ಬರನ್ನು ಬಿಡಿಸಬಾರದು, ಹಾಗೆ. ಮೂವತ್ತು ಇಂಚು ಅಗಲ, ನಲವತ್ತು ಇಂಚು ಎತ್ತರಕ್ಕೆ ದಾವಣಗೆರೆಯಲ್ಲಿ ಮುದ್ರಿಸಿ ಚೌಕಟ್ಟು ಹಾಕಿಸಿದೆ. ಸೋಮವಾರ ಬೆಳಿಗ್ಗೆ ಹೊನ್ನಾಳಿ ಬಸ್ಸಿನಲ್ಲಿ ಅದನ್ನು ತಬ್ಬಿಕೊಂಡು ಹೋದೆ. ಸಾಮಾನ್ಯವಾಗಿ ನಾನು ಕೆಲಸ ತಲುಪಿಸುವುದಿಲ್ಲ, ಬಂದು ಒಯ್ಯಬೇಕು. ಅವತ್ತು ಹೋದದ್ದು ಜಗಳ ನೋಡಲಿಕ್ಕೇ.

ಅಂಗಡಿಯಲ್ಲಿ ಹದಿನೈದಿಪ್ಪತ್ತು ಜನ ಬಂಧುಗಳು. ಯಾರೂ ಶಕುಂತಲಾ ಜೊತೆ ಮಾತಾಡುತ್ತಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವಳ ಅತ್ತೆ, ಚನ್ನೇಶಪ್ಪ ಹಾಲೇಶರ ತಾಯಿ, ಮುಖ ಗಂಟಿಕ್ಕಿ ಕೂತಿದ್ದರು. ನಾನೇ ಸ್ಟೂಲು ಹತ್ತಿ ಗಲ್ಲಾದ ಹಿಂದೆ ಪಟ ಹಾಕಿದೆ. ಹೊದಿಸಿದ್ದ ಬಟ್ಟೆ ತೆಗೆದಾಗ ಗುಸುಗುಸು ನಿಂತಿತು. ಆ ಮುದುಕಿ ಪಟವನ್ನೇ ನೋಡುತ್ತಾ "ಹಂಗೇ ನಿಲ್ತಿದ್ದ ನನ್ನ ಕೂಸು, ಕಿವಿ ಕೊಟ್ಕಂಡು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಚನ್ನೇಶಪ್ಪ ಬುಟ್ಟಿಯಿಂದ ಹಾರ ಎತ್ತಿದ. ಹೇಳಿದಂತೆಯೇ ತೋಳು ಗಾತ್ರದ ಸೇವಂತಿಗೆ ಹಾರ. ಸ್ಟೂಲು ಹತ್ತಿ ಎರಡೂ ಕೈ ಮೇಲೆತ್ತಿದ. ಶಕುಂತಲಾ ಗೋಡೆಗೆ ಒರಗಿ ನಿಂತಿದ್ದಳು, ಕೈ ಬೀಗದಕೈ ಮೇಲಿತ್ತು. ಆ ಹಾರ ಬಿದ್ದರೆ ಎಲ್ಲ ಮುಗಿದಂತೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕುರ್ಚಿಯಿಂದ ಗದರಿಕೆ ಬಂತು.

"ಇಳಿಯೋ ಕೆಳಗೆ! ಬದುಕಿರೋಳಿಗೆ ಹಾರ ಹಾಕ್ತೀಯೇನೋ? ಬುದ್ಧಿ ಐತೇನೋ ನಿಂಗೆ?"

"ಅವ್ವಾ, ನಾನು ತಮ್ಮಂಗೆ ಹಾಕ್ತಿರೋದು..."

"ಪಟ ಒಂದೇ ಐತಲ್ಲೋ. ಹೆಂಗೆ ಹಾಕಿದ್ರೂ ಇಬ್ಬರಿಗೂ ಬೀಳ್ತೈತೆ. ಆಕಿ ಕಂಡ್ರೆ ನಂಗೂ ಆಗಲ್ಲ, ಇಲ್ಲ ಅನ್ನಲ್ಲ. ಹಂಗಂತ ಉಸಿರಾಡೋಳಿಗೆ ಹಾರ ಹಾಕಿ ಈ ಮನೇಗೆ ಇನ್ನೊಂದು ಸಾವು ಕರೀತೀಯಾ? ಒಂದು ನೋಡಿದ್ದು ಸಾಲಲ್ವಾ ನಂಗೆ?"

ಹಿರಿಯರೊಬ್ಬರು ಹೌದೌದು ಎಂದರು. ಇನ್ನೊಬ್ಬರು ಇಳಿಯಪ್ಪ ಎಂದರು. ಜೀವಂತ ಇರುವವರ ಪಟಕ್ಕೆ ಹಾರ ಹಾಕಬಾರದು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವಳನ್ನು ಮುಚ್ಚುವ ಹಟದಲ್ಲಿ ಚನ್ನೇಶಪ್ಪನಿಗೆ ಮಾತ್ರ ಅದು ಮರೆತಿತ್ತು. ಎತ್ತಿದ ಕೈ ಇಳಿಸಲೂ ಆಗದೆ, ಹಾಕಲೂ ಆಗದೆ ಸ್ಟೂಲಿನ ಮೇಲೆ ನಿಂತ. ನನಗೆ ಆದ ಸಂತೋಷವನ್ನು ಬಚ್ಚಿಡುವುದಿಲ್ಲ. ಹೊಟ್ಟೆ ತಣ್ಣಗಾಯಿತು.

ಶಕುಂತಲಾ ಗೋಡೆ ಬಿಟ್ಟು ಬಂದಳು. "ಕೊಡ್ರಿ ಭಾವಾರೆ, ಹೂವ ದಂಡ ಆಗೋದು ಬ್ಯಾಡ," ಎಂದು ಹಾರವನ್ನು ಅವನ ಕೈಯಿಂದ ತೆಗೆದುಕೊಂಡು ತಂತಿ ಸುತ್ತುವ ಮಿಷಿನ್ನಿಗೆ ಹಾಕಿದಳು. ಕೈಮುಗಿದಳು. ಆಮೇಲೆ ಪಟದ ಕೆಳಗೆ ಗಲ್ಲಾದಲ್ಲಿ ಕೂತು, ಬಾಗಿಲಲ್ಲಿ ಸುಟ್ಟ ಮೋಟರ್ ಹಿಡಿದು ಇಷ್ಟು ಹೊತ್ತೂ ಕಾಯುತ್ತಿದ್ದ ರೈತನಿಗೆ "ಎಷ್ಟು ಎಚ್‌ಪಿದು ಅಣ್ಣಾ?" ಎಂದು ಕೇಳಿದಳು. ಅವನು ಒಮ್ಮೆ ಪಟ ನೋಡಿದ, ಒಮ್ಮೆ ಅವಳನ್ನು ನೋಡಿ, ಮೋಟರನ್ನು ಅವಳ ಮುಂದೆ ಇಳಿಸಿದ.

ಅಂಗಡಿ ಇವತ್ತಿಗೂ ಅವಳದೇ. ಅತ್ತೆ ಇವತ್ತಿಗೂ ಅವಳ ಜೊತೆ ಮಾತಾಡುವುದಿಲ್ಲ, ಆದರೆ ಅಮಾವಾಸ್ಯೆಗೆ ಬಂದು ಪಟದ ಮುಂದೆ ಕೂತು ಹೋಗುತ್ತಾರಂತೆ. ಚನ್ನೇಶಪ್ಪ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ತಿರುಗಿಸಲಿ, ಅವನ ಮುಖ ನೋಡಿ ನನಗೇನಾಗಬೇಕು.

ವಿಡಿಯೋ ಮೇಷ್ಟ್ರ ಕೋರ್ಸನ್ನು ಆಮೇಲೆ ಪೂರ್ತಿ ಮುಗಿಸಿದೆ. ಚನ್ನಗಿರಿ, ಉಬ್ರಾಣಿ ಕಡೆಯಿಂದಲೂ ಈಗ ಕೆಲಸ ಬರುತ್ತದೆ, ಮತ್ತು ಹತ್ತರಲ್ಲಿ ಇಬ್ಬರಾದರೂ ಯಾರನ್ನೋ ತೆಗೆಯಿರಿ ಎಂದೇ ಬರುತ್ತಾರೆ. ಮುನಿಸಿಕೊಂಡ ತಮ್ಮನನ್ನು, ಬಿಟ್ಟುಹೋದ ಸೊಸೆಯನ್ನು. ತೆಗೆಯುವುದು ನನಗೀಗ ಚೆನ್ನಾಗಿ ಬರುತ್ತದೆ, ಅದಕ್ಕೇ ಅವಸರ ಮಾಡುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಉಳಿಯುವವರು ಯಾವ ಕಡೆ ವಾಲಿದ್ದಾರೆ ಎಂದು ಮೊದಲು ನೋಡುತ್ತೇನೆ.